ಮಿಂಚಂಚೆಗೊಂದು ಕನ್ನಡ ಉಪಾಂಗ

ಬೆಟಗೇರಿಯ ನೇಕಾರರ ಓಣಿಯಲ್ಲಿ ಹಾದುಹೋಗುವವರ ಕಿವಿಗೆ ಮೊದಲು ಬೀಳುವುದು ಲಾಳಿಯ ಸದ್ದು. ಸೀರೆ ಹುಟ್ಟುವುದು ಆ ಸದ್ದಿನಿಂದಲೇ ಎಂದು ಅವರು ತಿಳಿದರೆ ಆಶ್ಚರ್ಯವಿಲ್ಲ. ಮಗ್ಗದ ಮುಂದೆ ಕುಳಿತವರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ. ನೂಲು ಸುತ್ತಬೇಕು, ಹಾಸು ಹೂಡಬೇಕು, ಗಂಜಿ ಕೊಡಬೇಕು, ಒಂದೊಂದೇ ಎಳೆಯನ್ನು ಹಣಿಗೆಯ ಹಲ್ಲಿನಲ್ಲಿ ತೂರಿಸಬೇಕು, ಹಳೆಯ ಹಾಸಿನ ತುದಿಗೆ ಹೊಸತನ್ನು ಕೆಚ್ಚಬೇಕು. ಇಷ್ಟಾದ ಮೇಲೆ ಲಾಳಿಗೆ ಕೆಲಸ. ಹಾಸಿನಲ್ಲಿ ಉಳಿದ ತೊಡಕನ್ನು ಹೊಕ್ಕಿನಲ್ಲಿ ಸರಿಪಡಿಸಲು ಬರುವುದಿಲ್ಲ. ಗಣಕಯಂತ್ರಕ್ಕೆ ತಂತ್ರಾಂಶ ಬರೆಯುವ ಕಸುಬಿಗೂ ಈ ಮಾತು ಸಲ್ಲುತ್ತದೆ. ಮಿಂಚಂಚೆಯನ್ನು ಓದುವ ತಂತ್ರಾಂಶಕ್ಕೆ ಕನ್ನಡದ ಅಗತ್ಯವೊಂದನ್ನು ಪೂರೈಸುವ ಪುಟ್ಟ ಉಪಾಂಗವನ್ನು ಜೋಡಿಸಬೇಕಾದರೆ ಮೊದಲು ಏನೇನು ಅಣಿಮಾಡಿಕೊಳ್ಳಬೇಕು ಎಂಬುದನ್ನು ಈ ಭಾಷಣದಲ್ಲಿ ವಿವರಿಸಬಯಸುತ್ತೇನೆ.

ಮಿಂಚಂಚೆಯನ್ನು ಈಗ ಬಹುಮಂದಿ ಕೈಫೋನಿನಲ್ಲಿಯೋ ಜಾಲದ ಪುಟದಲ್ಲಿಯೋ ಓದುತ್ತಾರೆ. ಆದರೆ ದಿನಕ್ಕೆ ಹತ್ತಾರು ಕಾಗದ ಬರುವ ಕಡೆ, ಬಂದ ಕಾಗದಗಳನ್ನು ವರ್ಷಗಟ್ಟಲೆ ಕಾಪಾಡಬೇಕಾದ ಕಡೆ, ಎಲ್ಲವನ್ನೂ ತಮ್ಮ ಗಣಕಕ್ಕೇ ಇಳಿಸಿಟ್ಟುಕೊಳ್ಳುವ ತಂತ್ರಾಂಶವನ್ನು ಬಳಸುವುದುಂಟು. ಅಂಥವುಗಳಲ್ಲಿ ಒಂದು ಥಂಡರ್‌ಬರ್ಡ್. ಮೊಜಿಲ್ಲಾ ಪ್ರತಿಷ್ಠಾನ ಇದರ ಮೊದಲ ಪೂರ್ಣ ಆವೃತ್ತಿಯನ್ನು 2004ರ ಡಿಸೆಂಬರಿನಲ್ಲಿ ಹೊರತಂದಿತು. ಇದಕ್ಕೆ ಬೆಲೆಯಿಲ್ಲ, ಇದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಮೂಲವನ್ನು ಮುಟ್ಟದೆ ಹೊಸ ಗುಣವನ್ನು ಹೊರಗಿನಿಂದ ಸೇರಿಸಬಹುದು. ಹೀಗೆ ಸೇರಿಸುವ ಭಾಗವೇ ಉಪಾಂಗ.

ಇಂಥದೊಂದು ಉಪಾಂಗ ನಮ್ಮ ಕಡೆಯವರಿಗೆ ಏತಕ್ಕೆ ಬೇಕಾಯಿತು? ಗದಗ ಮುದ್ರಣಕ್ಕೆ ಹೆಸರಾದ ಊರು. ಕರಡು ತಿದ್ದುವ ಕೆಲಸದ ನೆವದಿಂದ ನಾನು ಇಲ್ಲಿನ ಕೆಲವು ಅಚ್ಚುಕೂಟಗಳಲ್ಲಿ ಬಹುಕಾಲ ಕಳೆದಿದ್ದೇನೆ. ಒಂದು ಕಾಲಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಹಸ್ತಪ್ರತಿಗಳು ಬಸ್ಸಿನಲ್ಲಿ ಚೀಲದೊಳಗೆ ಬರುತ್ತಿದ್ದವು. ಈಗ ಮಿಂಚಂಚೆಯಲ್ಲಿ ಬರುತ್ತವೆ. ಅಕ್ಷರ ಮಸುಕಾದ ಹಸ್ತಪ್ರತಿಯನ್ನಾದರೂ ಕಣ್ಣು ಕಿರಿದು ಮಾಡಿ ಓದಬಹುದು. ಮಿಂಚಂಚೆಯಲ್ಲಿ ಕೆಲವು ಸಲ ಕನ್ನಡವೇ ಕಾಣುವುದಿಲ್ಲ. ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರ, ಮುಂದೆ ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಓರೆಗೆರೆಯ ಎ, ಆಮೇಲೆ ಜರ್ಮನ್ ಭಾಷೆಯ ಜೋಡಿ ಎಸ್. ಈ ವಿಚಿತ್ರ ಸಾಲು ನಿಜವಾಗಿ 'ಕನ್ನಡ' ಎಂಬ ಪದದ ಆರಂಭ!

ಇದರ ಕಾರಣವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಣಕಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ ಮಾತ್ರ. 1963ರಲ್ಲಿ ಅಮೆರಿಕದವರು ಆಸ್ಕಿ ಎಂಬ ಪಟ್ಟಿಯನ್ನು ಗೊತ್ತುಮಾಡಿದಾಗ ಅದರಲ್ಲಿ ಇದ್ದದ್ದು 128 ಸ್ಥಾನಗಳು. ಅವು ಇಂಗ್ಲಿಷಿಗೇ ಸರಿಹೋದವು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಮಿಂಚಂಚೆಯ ಸಾಗಾಣಿಕೆಯ ನಿಯಮಗಳನ್ನು ಬರೆದಾಗಲೂ ಆ 128 ಗುರುತುಗಳನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಕನ್ನಡವನ್ನು ಗಣಕದಲ್ಲಿ ಕಾಣಿಸಲು ಹೊರಟ ನಮ್ಮವರು ಆಗ ಒಂದು ಜಾಣ ಉಪಾಯವನ್ನು ಹಿಡಿದರು. ಸಂಖ್ಯೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳದ್ದೇ ಇರಲಿ, ಅದಕ್ಕೆ ಕಾಣುವ ರೂಪವನ್ನು ಮಾತ್ರ ಕನ್ನಡದ್ದಾಗಿಸೋಣ ಎಂಬುದೇ ಆ ಉಪಾಯ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಲಕ್ಷಾಂತರ ಪುಟಗಳ ಕನ್ನಡವನ್ನು ಈ ಬಗೆಯಲ್ಲಿಯೇ ಸಾಧ್ಯವಾಗಿಸಿದವು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ನಮ್ಮ ಬೆರಳುಗಳಿಗೆ ಕನ್ನಡವನ್ನು ಸಲೀಸು ಮಾಡಿತು. ಈ ಹಿರಿಯರ ಋಣ ದೊಡ್ಡದು.

ಮೊಳೆ ಜೋಡಿಸುವ ಕೆಲಸವನ್ನು ಕಂಡವರಿಗೆ ಈ ವ್ಯವಸ್ಥೆ ಹೊಸದಲ್ಲ. ಸೀಸದ ಅಕ್ಷರಗಳ ಪೆಟ್ಟಿಗೆಯಲ್ಲಿ ಕಾಗುಣಿತವೆಲ್ಲಕ್ಕೂ ಬೇರೆ ಬೇರೆ ಮೊಳೆಗಳಿರಲಿಲ್ಲ. ತುಂಡುಗಳನ್ನು ಕೂಡಿಸಿ ಅಕ್ಷರ ಮಾಡುತ್ತಿದ್ದರು. ಹಳೆಯ ನುಡಿಯ ಅಕ್ಷರಶೈಲಿಯಲ್ಲಿಯೂ ಹಾಗೆಯೇ. 'ವ' ಅಕ್ಷರಕ್ಕೆ ಬಲಗಡೆ ಒಂದು ಕೊಂಡಿ ಹಾಕಿದರೆ ಅದೇ 'ಮ'. ಕಣ್ಣಿಗೆ ಸರಿ, ಆದರೆ ಯಂತ್ರಕ್ಕೆ 'ಮ' ಎಂಬ ಅಕ್ಷರವೇ ಗೊತ್ತಿಲ್ಲ, ಎರಡು ತುಂಡುಗಳು ಮಾತ್ರ ಗೊತ್ತು. ಆ ಅಕ್ಷರಶೈಲಿ ಇದ್ದ ಗಣಕದಲ್ಲಿ ಕಾಗದ ಕನ್ನಡವಾಗಿರುತ್ತದೆ. ಮಿಂಚಂಚೆ ಶೈಲಿಯನ್ನು ಬಿಟ್ಟು ಬರಿಯ ಸಂಖ್ಯೆಗಳನ್ನು ಹೊತ್ತು ತಂದಾಗ ಮುಖವಾಡ ಕಳಚಿ ಪಿ, ಪೌಂಡು, ಓರೆಗೆರೆಗಳು ಹೊರಬೀಳುತ್ತವೆ.

1991ರಲ್ಲಿ ಯೂನಿಕೋಡ್ ಬಂದು ಕನ್ನಡಕ್ಕೆ ತನ್ನವೇ ಆದ 128 ಸ್ಥಾನಗಳನ್ನು ಕೊಟ್ಟಿತು. 1992ರಲ್ಲಿ ಮೈಮ್ ಎಂಬ ಕಟ್ಟಳೆ ಬಂದು ಇಂಗ್ಲಿಷಲ್ಲದ ಅಕ್ಷರಗಳೂ ಮಿಂಚಂಚೆಯ ಹಳೆಯ ಹಾದಿಯಲ್ಲಿ ಸುರಕ್ಷಿತವಾಗಿ ಸಾಗುವಂತೆ ಮಾಡಿತು. ಇಂದು ಯೂನಿಕೋಡಿನಲ್ಲಿ ಬರೆದ ಕಾಗದ ಮುಂಡರಗಿಯಿಂದ ಹೊರಟು ಎಲ್ಲಿಗೆ ಹೋದರೂ ಕನ್ನಡವಾಗಿಯೇ ತಲುಪುತ್ತದೆ. ತೊಂದರೆ ಇರುವುದು ಹಳೆಯ ಕಾಗದಗಳಲ್ಲಿ, ಹಳೆಯ ರೂಢಿಯನ್ನು ಬಿಡದವರ ಕಾಗದಗಳಲ್ಲಿ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಅಂಥದೊಂದು ಕಾಗದದ ಕಟ್ಟು. ಮುಂಡರಗಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಕಪ್ಪತಗುಡ್ಡದ ಸುತ್ತಿನ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನದ ಪದಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಬರೆದದ್ದನ್ನೆಲ್ಲ ಬೆರಳಚ್ಚು ಮಾಡಿ ಗದಗಿನ ಗೆಳೆಯರೊಬ್ಬರಿಗೆ ವರ್ಷಗಳ ಕಾಲ ಮಿಂಚಂಚೆಯಲ್ಲಿ ಕಳಿಸಿದರು. ಅವರು ತೀರಿಕೊಂಡ ಮೇಲೆ ಅವರ ಗಣಕ ಗುಜರಿಗೆ ಹೋಯಿತು. ನೋಟುಪುಸ್ತಕಗಳು ಸಿಗಲಿಲ್ಲ. ಉಳಿದದ್ದು ಗೆಳೆಯರ ಅಂಚೆಪೆಟ್ಟಿಗೆಯಲ್ಲಿದ್ದ ನೂರಾರು ಕಾಗದಗಳು. ತೆರೆದರೆ ಒಂದರಲ್ಲೂ ಕನ್ನಡವಿಲ್ಲ. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೇನೋ ಲಭ್ಯವಿವೆ. ಆದರೆ ಒಂದೊಂದೇ ಕಾಗದವನ್ನು ನಕಲು ಮಾಡಿ ಬೇರೆಡೆ ತಿರುಗಿಸಿದರೆ ಯಾವ ಹಾಡು ಯಾವ ದಿನದ ಕಾಗದದಲ್ಲಿತ್ತು, ಹಾಡಿದವರ ಬಗ್ಗೆ ಏನು ಬರೆದಿದ್ದರು ಎಂಬ ಸಂಬಂಧ ಕಡಿದುಹೋಗುತ್ತದೆ. ಕಾಗದ ತನ್ನ ಪೆಟ್ಟಿಗೆಯಲ್ಲಿ ಇದ್ದಲ್ಲೇ ಇರಬೇಕು, ತೆರೆದಾಗ ಮಾತ್ರ ಕನ್ನಡವಾಗಿ ಕಾಣಬೇಕು. ಉಪಾಂಗದ ಕೆಲಸ ಇಷ್ಟೇ.

ಇನ್ನು ಸಿದ್ಧತೆಯ ವಿಷಯ. ಸಾಮಗ್ರಿಗಳು ಮೂರು: ಥಂಡರ್‌ಬರ್ಡ್, ಸಾದಾ ಬರೆಹವನ್ನು ತಿದ್ದುವ ಒಂದು ತಂತ್ರಾಂಶ, ಒಂದು ಖಾಲಿ ಕಡತಕೋಶ. ಉಪಾಂಗಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯನ್ನು ಬ್ರೆಂಡನ್ ಐಕ್ ಅವರು 1995ರಲ್ಲಿ ರೂಪಿಸಿದರು. ಅದನ್ನು ನಡೆಸುವ ಯಂತ್ರ ಥಂಡರ್‌ಬರ್ಡಿನ ಒಳಗೇ ಇರುವುದರಿಂದ ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ. ಬರೆಹದ ಕಡತಗಳನ್ನೆಲ್ಲ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಉಳಿಸುವಂತೆ ಮೊದಲೇ ಗೊತ್ತುಮಾಡಬೇಕು. ಕನ್ನಡವನ್ನು ಕಾಪಾಡಹೊರಟ ಕಡತದಲ್ಲೇ ಕನ್ನಡ ಕೆಟ್ಟರೆ ನಗೆಪಾಟಲು.

ಎರಡನೆಯದು, ಪ್ರತ್ಯೇಕ ಕೋಣೆ. ಥಂಡರ್‌ಬರ್ಡ್ ತನ್ನ ಕಾಗದಗಳನ್ನೂ ಏರ್ಪಾಟುಗಳನ್ನೂ ಪ್ರೊಫೈಲ್ ಎಂಬ ಕೋಶದಲ್ಲಿ ಇಡುತ್ತದೆ. ಹೊಸ ಉಪಾಂಗವನ್ನು ನಿತ್ಯದ ಪ್ರೊಫೈಲಿನಲ್ಲಿ ಎಂದೂ ಪರೀಕ್ಷಿಸಬಾರದು. ಪ್ರೊಫೈಲುಗಳ ವ್ಯವಸ್ಥಾಪಕವನ್ನು ತೆರೆದು ಹೊಸದೊಂದನ್ನು ಮಾಡಿ, ಅದಕ್ಕೆ ಪರೀಕ್ಷೆಗೆಂದೇ ತೆಗೆದ ಬೇರೆ ಮಿಂಚಂಚೆಯ ವಿಳಾಸವನ್ನು ಕೊಡಬೇಕು. ಶಿಕ್ಷಕರ ಕಾಗದಗಳಿದ್ದ ಕೋಶದ ಪೂರ್ಣ ನಕಲೊಂದನ್ನು ಬೇರೆ ತಟ್ಟೆಗೆ ಇಳಿಸಿಟ್ಟ ಮೇಲೆಯೇ ನಾನು ಮುಂದಿನ ಹೆಜ್ಜೆ ಇಟ್ಟೆ. ಒಂದೇ ಪ್ರತಿ ಉಳಿದಿರುವಾಗ ಅದರ ಮೇಲೆ ಪ್ರಯೋಗ ನಡೆಸುವುದು ತಾಳೆಗರಿಯ ಮೇಲೆ ಲೇಖನಿ ಹದಗೊಳಿಸಿದಂತೆ.

ಮೂರನೆಯದು, ಉಪಾಂಗದ ಪರಿಚಯಪತ್ರ. ಖಾಲಿ ಕಡತಕೋಶದೊಳಗೆ ಮ್ಯಾನಿಫೆಸ್ಟ್ ಎಂಬ ಹೆಸರಿನ ಒಂದು ಕಡತ ಇರಲೇಬೇಕು. ಉಪಾಂಗದ ಹೆಸರು, ಆವೃತ್ತಿಯ ಸಂಖ್ಯೆ, ಅದನ್ನು ಇತರ ಉಪಾಂಗಗಳಿಂದ ಬೇರ್ಪಡಿಸುವ ಗುರುತು, ಥಂಡರ್‌ಬರ್ಡಿನ ಯಾವ ಆವೃತ್ತಿಯಿಂದ ಮುಂದೆ ಅದು ನಡೆಯುತ್ತದೆ, ಯಾವ ಯಾವ ಅಧಿಕಾರಗಳು ಬೇಕು ಎಂಬ ವಿವರಗಳು ಇದರಲ್ಲಿರುತ್ತವೆ. ಇಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಥಂಡರ್‌ಬರ್ಡ್ ಉಪಾಂಗವನ್ನು ಒಳಗೆ ಬಿಡುವುದಿಲ್ಲ. ಕರಡು ತಿದ್ದುವವರಿಗೆ ಇದು ಒಗ್ಗುವ ಶಿಸ್ತು.

ಅಧಿಕಾರಗಳ ಪಟ್ಟಿಯನ್ನು ಬರೆಯುವಾಗ ನಿಂತು ಯೋಚಿಸಬೇಕು. ತೆರೆದ ಕಾಗದದ ನೋಟವನ್ನು ಮಾರ್ಪಡಿಸುವ ಅಧಿಕಾರ ನಮಗೆ ಬೇಕು. ಅದು ಪರದೆಯ ಮೇಲಿನ ನೋಟವನ್ನು ಮಾತ್ರ ಬದಲಿಸುತ್ತದೆ. ಪೆಟ್ಟಿಗೆಯಲ್ಲಿನ ಮೂಲ ಕಾಗದ ಹಾಗೆಯೇ ಇರುತ್ತದೆ. ಕಾಗದಗಳನ್ನು ಅಳಿಸುವ, ವಿಳಾಸಗಳ ಪುಸ್ತಕವನ್ನು ತೆರೆಯುವ ಅಧಿಕಾರಗಳು ನಮಗೆ ಬೇಡ. ಪರಿವರ್ತನೆಗಾಗಿ ಕಾಗದವನ್ನು ಹೊರಗಿನ ಯಾವುದೋ ಜಾಲತಾಣಕ್ಕೆ ಕಳಿಸುವುದೂ ಬೇಡ. ಕೆಲಸವೆಲ್ಲ ಆ ಗಣಕದಲ್ಲೇ ಆಗಬೇಕು. ಮನೆಗೆ ಬಂದು ಕಾಗದ ಓದಿ ಹೇಳುತ್ತಿದ್ದ ಅಂಚೆಯಣ್ಣನ ಮೇಲೆ ಊರು ಇಟ್ಟಿದ್ದ ನಂಬಿಕೆಯನ್ನು ಈ ಉಪಾಂಗವೂ ಉಳಿಸಿಕೊಳ್ಳಬೇಕು.

ನಾಲ್ಕನೆಯದು ಭಾಷೆಯ ಕೋಶ. ಉಪಾಂಗ ತಾನಾಗಿ ಆಡುವ ಮಾತುಗಳನ್ನು, ಅಂದರೆ ಅದರ ಹೆಸರು, ಗುಂಡಿಗಳ ಮೇಲಿನ ಪದ, ಎಚ್ಚರಿಕೆಯ ಸಾಲು ಇವುಗಳನ್ನು, ಪ್ರತಿ ಭಾಷೆಗೂ ಬೇರೆ ಬೇರೆ ಕೋಶದಲ್ಲಿ ಬರೆದಿಡಬಹುದು. ಹಾಗೆ ಬರೆದಿಟ್ಟರೆ ಅವುಗಳಲ್ಲಿ ಮೂಲಭಾಷೆ ಯಾವುದೆಂದು ಪರಿಚಯಪತ್ರದಲ್ಲಿ ಹೇಳಲೇಬೇಕು. ಸಾಮಾನ್ಯವಾಗಿ ಎಲ್ಲರೂ ಇಂಗ್ಲಿಷೆಂದು ಬರೆದು, ಕನ್ನಡವನ್ನು ಆಮೇಲೆ ಸೇರಿಸೋಣ ಎನ್ನುತ್ತಾರೆ. ಆದರೆ ಯಾವ ಭಾಷೆಯನ್ನು ತೋರಿಸಬೇಕೆಂಬುದನ್ನು ಉಪಾಂಗ ನಿರ್ಧರಿಸುವುದು ಬಳಸುವವರ ಥಂಡರ್‌ಬರ್ಡ್ ಯಾವ ಭಾಷೆಯಲ್ಲಿದೆ ಎಂಬುದನ್ನು ನೋಡಿ. ನಮ್ಮ ಕಡೆ ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುತ್ತದೆ. ಹಾಗಾಗಿ ಇಂಗ್ಲಿಷ್ ಕೋಶವಿದ್ದರೆ ಕನ್ನಡ ಕೋಶ ಇದ್ದೂ ಇಲ್ಲದಂತೆ. ನಾನು ಇಂಗ್ಲಿಷ್ ಕೋಶವನ್ನೇ ಮಾಡದೆ ಕನ್ನಡವನ್ನು ಮೂಲಭಾಷೆಯಾಗಿ ಇಟ್ಟೆ. ಈಗ ಯಾರ ಗಣಕದಲ್ಲಿ ಹಾಕಿದರೂ ಉಪಾಂಗ ಕನ್ನಡದಲ್ಲೇ ಮಾತಾಡುತ್ತದೆ. ಆರಂಭದ ಒಂದು ಸಾಲಿನಲ್ಲಿ ಇಷ್ಟು ದೊಡ್ಡ ತೀರ್ಮಾನ ಅಡಗಿರುತ್ತದೆ ಎಂಬುದನ್ನು ನಾವು ಗಮನಿಸುವುದೇ ಕಡಿಮೆ.

ಇಷ್ಟಾದ ಮೇಲೆ ಉಪಾಂಗವನ್ನು ತಾತ್ಕಾಲಿಕವಾಗಿ ಕೂರಿಸಿ ನೋಡಬೇಕು. ಟೂಲ್ಸ್ ಎಂಬ ಪಟ್ಟಿಯಲ್ಲಿ ಡೆವಲಪರ್ ಟೂಲ್ಸ್ ಎಂಬುದನ್ನು ಹಿಡಿದು ಹೋದರೆ ಉಪಾಂಗಗಳ ದೋಷಪರೀಕ್ಷೆಯ ಪುಟ ಸಿಗುತ್ತದೆ. ಅಲ್ಲಿ ನಮ್ಮ ಪರಿಚಯಪತ್ರವನ್ನು ತೋರಿಸಿದರೆ ಉಪಾಂಗ ಆ ಹೊತ್ತಿಗೆ ಒಳಗೆ ಬರುತ್ತದೆ. ಥಂಡರ್‌ಬರ್ಡನ್ನು ಮುಚ್ಚಿದೊಡನೆ ಹೊರಟುಹೋಗುತ್ತದೆ. ಪ್ರತಿ ತಿದ್ದುಪಡಿಯ ಅನಂತರ ಪುನಃ ತುಂಬುವ ಗುಂಡಿಯನ್ನು ಒತ್ತಿದರೆ ಸಾಕು. ಪರಿಶೀಲನೆಯ ಗುಂಡಿಯನ್ನು ಒತ್ತಿದರೆ, ಒಳಗೆ ಎಲ್ಲಿ ಮುಗ್ಗರಿಸಿತು ಎಂಬುದನ್ನು ಸಾಲಿನ ಸಂಖ್ಯೆಯೊಡನೆ ಹೇಳುವ ಕಿಟಕಿ ತೆರೆಯುತ್ತದೆ.

ಪರೀಕ್ಷೆಗೆ ಮಾದರಿ ಕಾಗದಗಳು ಬೇಕು. ನಾನು ನಾಲ್ಕು ಬಗೆಯವನ್ನು ಮಾಡಿಕೊಂಡು ನಮ್ಮ ಊರುಗಳ ಹೆಸರನ್ನೇ ಇಟ್ಟೆ. ಲಕ್ಷ್ಮೇಶ್ವರದ ಕಾಗದ ಶುದ್ಧ ಯೂನಿಕೋಡಿನದು. ಅದನ್ನು ಉಪಾಂಗ ಮುಟ್ಟಲೇಬಾರದು. ಇಂಥ ಕಾಗದದ ಮೂಲವನ್ನು ತೆರೆದು ನೋಡಿದರೆ ಅಲ್ಲಿಯೂ ಕನ್ನಡ ಕಾಣದೆ ಇರಬಹುದು. 'ಕ' ಅಕ್ಷರವೊಂದೇ ಮೂರು ಸಂಖ್ಯೆಗಳಾಗಿ, ದಾರಿಯಲ್ಲಿ ಸಾಗಲು ನಾಲ್ಕು ಎಂಬ ಅಂಕಿ, ಎಲ್, ಕೆ, ವಿ ಎಂಬ ವೇಷ ತೊಟ್ಟಿರುವುದುಂಟು. ಅದು ಕೆಟ್ಟ ಕಾಗದವಲ್ಲ, ಮೈಮ್ ಕಟ್ಟಿಕೊಟ್ಟ ಬುತ್ತಿ; ಥಂಡರ್‌ಬರ್ಡ್ ತಾನೇ ಬಿಚ್ಚುತ್ತದೆ. ಮುಂಡರಗಿಯ ಕಾಗದ ಪೂರ್ತಿ ಹಳೆಯ ನುಡಿಯದು. ಶಿರಹಟ್ಟಿಯದರಲ್ಲಿ ಹಳೆಯ ಸಂಕೇತದ ಜಾತ್ರೆಯ ಆಮಂತ್ರಣ, ಕೆಳಗೆ ನಿಜವಾದ ಇಂಗ್ಲಿಷಿನ ವಿಳಾಸ. ಬೆಟಗೇರಿಯದು ಸೀರೆಗೆ ಬಂದ ವಿಲಾಯತಿಯ ಬೇಡಿಕೆ. ಅದರಲ್ಲಿ ಬೆಲೆಯ ಮುಂದೆ ನಿಜವಾದ ಪೌಂಡಿನ ಗುರುತು. ಎಚ್ಚರವಿಲ್ಲದ ಪರಿವರ್ತಕ ಆ ಪೌಂಡನ್ನು 'ನ' ಎಂದು ಓದಿ ಲೆಕ್ಕವನ್ನೇ ಕೆಡಿಸುತ್ತದೆ. ಆದುದರಿಂದ ಒಂದು ಸಾಲಿನಲ್ಲಿ ಓರೆಗೆರೆಯ ಎ ಮತ್ತು ಅದರ ಬಳಗದ ಗುರುತುಗಳು ಎಷ್ಟು ಒತ್ತಾಗಿವೆ ಎಂಬುದನ್ನು ಎಣಿಸಿ, ಅನಂತರವೇ ಅದು ಕನ್ನಡವೆಂದು ತೀರ್ಮಾನಿಸುವ ವಿವೇಕವನ್ನು ಉಪಾಂಗಕ್ಕೆ ಕಲಿಸಬೇಕಾಯಿತು.

ಇನ್ನೊಂದು ಪರೀಕ್ಷೆಯ ಪದ 'ಕರ್ನಾಟಕ'. ನಾವು ಉಚ್ಚರಿಸುವಾಗ ರಕಾರ ಮೊದಲು, ನಾಕಾರ ಆಮೇಲೆ. ಯೂನಿಕೋಡಿನಲ್ಲಿಯೂ ಹಾಗೆಯೇ. ಹಳೆಯ ಸಂಕೇತದಲ್ಲಿ ಮೊಳೆ ಜೋಡಿಸಿದಂತೆ ಮೊದಲು 'ನಾ', ಅದರ ಬಲಕ್ಕೆ ಅರ್ಕಾವೊತ್ತು. ಇದ್ದುದನ್ನು ಇದ್ದ ಕ್ರಮದಲ್ಲೇ ತಿರುಗಿಸಿದರೆ 'ಕನಾರ್ಟಕ' ಎಂದಾಗುತ್ತದೆ. ಈ ರೂಪವನ್ನು ಎಷ್ಟೋ ಕಡೆ ನೀವೂ ಕಂಡಿರಬಹುದು. ಬರೆದವರ ಅಜ್ಞಾನವೆಂದು ನಾವು ನಕ್ಕಿರುತ್ತೇವೆ. ಬಹಳ ಸಲ ಅದು ಯಂತ್ರಕ್ಕೆ ಉಚ್ಚಾರ ತಿಳಿಯದೆ ಆದ ಎಡವಟ್ಟು. ಪದದ ಕಿವಿಯುಳ್ಳವರು ಪಕ್ಕದಲ್ಲಿ ಕೂರದೆ ಈ ಕೆಲಸ ಆಗದು ಎಂಬುದಕ್ಕೆ ಇದೊಂದು ಸಾಕ್ಷಿ.

ಪ್ರತಿ ದಿನದ ತಿದ್ದುಪಡಿಯ ಚರಿತ್ರೆಯನ್ನು ಇಡುವುದೂ ಸಿದ್ಧತೆಯ ಭಾಗವೇ. ಲೈನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಆರಂಭಿಸಿದ ಗಿಟ್ ಎಂಬ ಸಾಧನ ಈ ಲೆಕ್ಕವನ್ನು ಚೊಕ್ಕಟವಾಗಿ ಇಡುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಕೋಶದೊಳಗಿನ ಕಡತಗಳನ್ನು ಜಿಪ್ ಎಂಬ ಗಂಟಾಗಿ ಕಟ್ಟಿ ಎಕ್ಸ್‌ಪಿಐ ಎಂಬ ಬಾಲಹೆಸರು ಕೊಡಬೇಕು; ಕಟ್ಟಬೇಕಾದದ್ದು ಕೋಶವನ್ನಲ್ಲ, ಅದರ ಒಳಗಿನ ಕಡತಗಳನ್ನು. ಥಂಡರ್‌ಬರ್ಡಿನ ಹೊಸ ಆವೃತ್ತಿಗಳನ್ನು ಗಮನಿಸುತ್ತಲೂ ಇರಬೇಕು. 2020ರಲ್ಲಿ 78ನೆಯ ಆವೃತ್ತಿ ಬಂದಾಗ ಹಳೆಯ ಪದ್ಧತಿಯ ಉಪಾಂಗಗಳೆಲ್ಲ ಒಮ್ಮೆಗೇ ನಿಂತುಹೋದವು. ಸಾಧನವನ್ನು ಮಾಡಿದವರು ಅದನ್ನು ನೋಡಿಕೊಳ್ಳಲು ಊರಿನಲ್ಲಿ ಮತ್ತೊಬ್ಬರನ್ನಾದರೂ ತಯಾರು ಮಾಡಿರಬೇಕು.

ಶಿಕ್ಷಕರ ಕಾಗದಗಳು ಏನಾದವು? ಬಹುಪಾಲು ಕನ್ನಡವಾಗಿ ತೆರೆದುಕೊಂಡವು. ಆದರೆ ಕೆಲವು ಕಾಗದಗಳಲ್ಲಿ, ನಡುವೆ ಯಾವುದೋ ಯಂತ್ರ 128ರ ಆಚೆಯ ಗುರುತುಗಳನ್ನು ತಿಳಿಯದೆ ಎಲ್ಲಕ್ಕೂ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿಬಿಟ್ಟಿತ್ತು. ಪಿ ಅಕ್ಷರದ ಮುಂದೆ ಪ್ರಶ್ನೆಯ ಚಿಹ್ನೆಯಿದ್ದರೆ ಅದು 'ಕ' ಇರಬಹುದು, 'ಕಾ' ಇರಬಹುದು, 'ಕೆ' ಇರಬಹುದು. ಯಂತ್ರಕ್ಕೆ ಅದನ್ನು ನಿರ್ಣಯಿಸುವ ದಾರಿಯಿಲ್ಲ. ಅಲ್ಲೆಲ್ಲ ಊಹಿಸಿ ತುಂಬದೆ, ಬಣ್ಣದ ಗೆರೆಯೆಳೆದು ಖಾಲಿ ತೋರಿಸುವಂತೆ ಉಪಾಂಗವನ್ನು ಮಾಡಿದೆ. ಅಂಥ ಪುಟಗಳನ್ನು ಅಚ್ಚುಮಾಡಿಕೊಂಡು, ಹಾಡು ಬಲ್ಲ ಹೆಂಗಸರಿರುವ ಹಳ್ಳಿಗಳಿಗೆ ಗೆಳೆಯರು ಹೋಗಿಬರುತ್ತಿದ್ದಾರೆ. ಮೊದಲ ಸಾಲನ್ನು ಓದಿದರೆ ಅವರು ಮುಂದಿನದನ್ನು ಹಾಡುತ್ತಾರೆ, ಖಾಲಿ ತುಂಬುತ್ತದೆ. ಹಾಡುವವರು ವಯಸ್ಸಾದವರು. ಈ ಕೆಲಸಕ್ಕೆ ಇರುವ ಅವಧಿ ದೊಡ್ಡದಲ್ಲ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಪಂಪನೂ ತನ್ನ ಕಾವ್ಯದ ಭಾಷೆಯನ್ನು ಆ ಊರಿನೊಡನೆ ಸೇರಿಸಿ ಹೇಳಿಕೊಂಡಿದ್ದಾನೆ. ತಿರುಳು ಒಂದು ಕಡೆ ಇದ್ದರೆ ಸಾಲದು, ಅದು ಓದುವವರ ಕೈಗೆ ಮುಟ್ಟಬೇಕು. ಅದಕ್ಕೆ ಈ ಕಾಲದಲ್ಲಿ ಬೇಕಾದ ಸಾಧನಗಳನ್ನು ಬೇರೆ ಯಾರೋ ಬೇರೆ ಎಲ್ಲಿಯೋ ಮಾಡಿಕೊಡಲಿ ಎಂದು ಕಾಯಬೇಕಾಗಿಲ್ಲ. ಒಂದು ಹಳೆಯ ಗಣಕ, ಬೆಲೆಯಿಲ್ಲದ ತಂತ್ರಾಂಶ, ಪರೀಕ್ಷೆಗೊಂದು ಪ್ರತ್ಯೇಕ ಕೋಣೆ, ಕಾಗದಗಳ ಒಂದು ನಕಲು, ಕನ್ನಡವೇ ಮೂಲಭಾಷೆಯೆಂದು ಬರೆದ ಒಂದು ಸಾಲು: ಇಷ್ಟಿದ್ದರೆ ಕೆಲಸವನ್ನು ಆರಂಭಿಸಬಹುದು. ನಿಮ್ಮ ಅಂಚೆಪೆಟ್ಟಿಗೆಯಲ್ಲಿಯೂ ಪಿ, ಪೌಂಡು, ಓರೆಗೆರೆಗಳ ಹಳೆಯ ಕಾಗದಗಳಿದ್ದರೆ ದಯವಿಟ್ಟು ಅವುಗಳನ್ನು ಅಳಿಸಬೇಡಿ. ಅವು ಕನ್ನಡವೇ.